ಗೋಣಪ್ಪ ಎಚ್ಚರವಿದ್ದ ಹೊತ್ತು

ಜೂನ್ 4

ಮಾನ್ಯರೇ,

ನಮ್ಮ ಪ್ರಯೋಗಕ್ಕೆ ಒಪ್ಪಿ ಸಹಿ ಮಾಡಿ ಕಳಿಸಿದ್ದಕ್ಕೆ ಕೃತಜ್ಞತೆಗಳು. ನಾನು ಪಿಎಚ್.ಡಿ. ಎರಡನೇ ವರ್ಷದ ವಿದ್ಯಾರ್ಥಿನಿ. ಮನೆಯಲ್ಲಿ ಮನುಷ್ಯರ ಜೊತೆ ಇರಬೇಕಾದ ರೋಬೋಟು ಮಾತಿಲ್ಲದೆ, ಮುಖವೂ ಇಲ್ಲದೆ, ಬರೀ ಮೈಯ ಚಲನೆಯಿಂದ ಎಷ್ಟನ್ನು ಹೇಳಬಲ್ಲದು ಎಂಬುದು ನನ್ನ ವಿಷಯ. ಗಂಟಲಿನ ಶಸ್ತ್ರಚಿಕಿತ್ಸೆಯಿಂದ ದನಿ ಹೋದವರ ಮನೆಗಳಲ್ಲಿ ಅದನ್ನು ಆರು ತಿಂಗಳು ಇಟ್ಟು ನೋಡುತ್ತಿದ್ದೇವೆ.

ಹತ್ತನೇ ತಾರೀಕು ನಮ್ಮ ತಂತ್ರಜ್ಞರು ತಂದುಕೊಡುತ್ತಾರೆ. ಕುತ್ತಿಗೆ, ಎರಡು ಭುಜ, ಎರಡು ತೋಳು, ಇಷ್ಟೇ ಅದರ ಮೈ. ತಲೆ ಮೊಟ್ಟೆಯಂತೆ ನುಣ್ಣಗಿದೆ. ಎದೆಯ ಮೇಲಿನ ಸಣ್ಣ ಗಾಜು ಅದರ ಕಣ್ಣು. ನಿಮ್ಮನ್ನು ನೋಡುತ್ತ ನೋಡುತ್ತ ಅದು ತಾನಾಗಿಯೇ ಕಲಿಯುತ್ತದೆ. ಬೆಳಿಗ್ಗೆ ಹತ್ತರಿಂದ ಹನ್ನೆರಡು, ಸಂಜೆ ಐದರಿಂದ ಆರು, ಇಷ್ಟು ಹೊತ್ತು ಮಾತ್ರ ಎಚ್ಚರವಿರುತ್ತದೆ.

ಪ್ರಯೋಗ ಮುಗಿಯುವವರೆಗೆ ನಾನು ನಿಮ್ಮನ್ನು ಭೇಟಿಯಾಗುವಂತಿಲ್ಲ. ಪ್ರಶ್ನೆಪಟ್ಟಿಗಿಂತ ಕಾಗದದಲ್ಲಿ ಜನ ಹೆಚ್ಚು ನಿಜ ಹೇಳುತ್ತಾರೆ ಎಂಬುದು ನಮ್ಮ ಗೈಡ್ ನಂಬಿಕೆ. ಆದ್ದರಿಂದ ತೋಚಿದ್ದನ್ನು ತೋಚಿದಂತೆ ಕೈಯಲ್ಲೇ ಬರೆದು ಕಳಿಸಿ.

ಇಂತು,
ಸಂಶೋಧನಾ ವಿದ್ಯಾರ್ಥಿನಿ


ಜೂನ್ 16

ತಂಗೀ,

ಮಾನ್ಯರೇ ಅನ್ನಿಸಿಕೊಳ್ಳುವಷ್ಟು ದೊಡ್ಡ ಮನುಷ್ಯಳಲ್ಲ ನಾನು. ರೈಲು ನಿಲ್ದಾಣದಲ್ಲಿ ಇಪ್ಪತ್ತೆರಡು ವರ್ಷ ಘೋಷಣೆ ಮಾಡಿದವಳು. ‘ಪ್ರಯಾಣಿಕರ ಗಮನಕ್ಕೆ’ ಎಂದರೆ ಮೂರು ಸಾವಿರ ಜನ ಕತ್ತೆತ್ತುತ್ತಿದ್ದರು. ಈಗ ಕುತ್ತಿಗೆಯಲ್ಲೊಂದು ತೂತು, ಉಸಿರೆಲ್ಲ ಅಲ್ಲಿಂದಲೇ. ಬಾಯಿ ತೆರೆದರೆ ಪಕ್ಕದ ಮನೆಯ ಬೆಕ್ಕೂ ಕಿವಿ ನಿಮಿರಿಸುವುದಿಲ್ಲ. ನೌಕರಿ ಉಳಿಸಿದ್ದಾರೆ, ಪುಣ್ಯ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಕಳೆದುಹೋದ ವಸ್ತುಗಳ ಕೋಣೆಯಲ್ಲಿ ಕೂರುತ್ತೇನೆ. ಕೊಡೆ, ಕನ್ನಡಕ, ಒಂಟಿ ಚಪ್ಪಲಿ, ಮತ್ತು ನಾನು.

ನಿಮ್ಮ ತಂತ್ರಜ್ಞ ಕೆಟ್ಟ ಲಿಫ್ಟಿಗೆ ಶಾಪ ಹಾಕುತ್ತ ಮೂರು ಮಹಡಿ ಹೊತ್ತು ತಂದ. ಪೆಟ್ಟಿಗೆ ಬಿಚ್ಚಿ ಊಟದ ಮೇಜಿನ ಮೇಲಿಟ್ಟ. ನಾನು ನೀರು ಕುಡಿಯುತ್ತಿದ್ದೆ. ಮುಖವೇ ಇಲ್ಲದ ಆ ತಲೆ ನಿಧಾನಕ್ಕೆ ನನ್ನ ಕಡೆ ತಿರುಗಿತು ನೋಡು, ಲೋಟ ಕೈಬಿಟ್ಟೆ. ಲೋಟ ಬಿದ್ದೊಡನೆ ಅದೂ ಭುಜ ಕುಗ್ಗಿಸಿತು! ತಪ್ಪು ಮಾಡಿ ಸಿಕ್ಕಿಬಿದ್ದ ಹಾಗೆ. ಆಮೇಲೆ ಗೋಣು ಒಂದಿಷ್ಟೇ ವಾಲಿಸಿ ನಿಂತಿತು. ಹೆಸರು ಅಲ್ಲೇ ಹುಟ್ಟಿತು, ಗೋಣಪ್ಪ.

ನನ್ನ ತಂಗಿಯ ಮಗಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ವಾರಕ್ಕೊಮ್ಮೆ ಬಂದು ಹೋಗುತ್ತಾಳೆ. ನೋಡಿ ನಕ್ಕಳು. “ದೊಡ್ಡಮ್ಮಾ, ಇದಕ್ಕಿಂತ ಒಂದು ಗಿಳಿ ಸಾಕಿದ್ರೆ ಆಗ್ತಿರ್ಲಿಲ್ವಾ?”

ನಾನು ಸ್ಲೇಟಿನ ಮೇಲೆ ಬರೆದೆ: ಗಿಳಿ ಮಾತಾಡುತ್ತೆ. ನನಗೆ ಹೊಟ್ಟೆಕಿಚ್ಚು.

ಇತಿ,
ನಿಲ್ದಾಣದ ಹಳೇ ಗಂಟಲು


ಜೂನ್ 30

ಅಕ್ಕಾ,

ಹಾಗೆ ಕರೆದರೆ ಬೇಸರವಿಲ್ಲ ತಾನೇ? ನಿಮ್ಮ ಕಾಗದ ಓದಿ ಪ್ರಯೋಗಾಲಯದಲ್ಲಿ ಒಬ್ಬಳೇ ಗಟ್ಟಿಯಾಗಿ ನಕ್ಕೆ.

ಆ ‘ಒಂದಿಷ್ಟೇ ವಾಲಿಸಿ’ ಅಂದಿರಲ್ಲ, ಅದೇ ನನ್ನ ಜೀವ ತಿನ್ನುತ್ತಿರುವುದು. ಇಲ್ಲಿ ನಾನು ತೋರಿಸಿ ಕೇಳಿದವರಲ್ಲಿ ಹೆಚ್ಚಿನವರು, ಗೋಣು ಏಳು ಡಿಗ್ರಿ ವಾಲಿದರೆ ‘ಕೇಳಿಸಿಕೊಳ್ಳುತ್ತಿದೆ’ ಅನ್ನುತ್ತಾರೆ. ಹದಿನೈದು ವಾಲಿದರೆ ‘ಅನುಮಾನಪಡುತ್ತಿದೆ’ ಅನ್ನುತ್ತಾರೆ. ಆ ಎಂಟು ಡಿಗ್ರಿಯ ನಡುವೆ ನನ್ನ ಎರಡು ವರ್ಷ ಸಿಕ್ಕಿಕೊಂಡಿದೆ. ಗೋಣಪ್ಪ ಯಾವಾಗ ನಿಮ್ಮ ಮಾತು ಕೇಳುತ್ತಿರುವಂತೆ ಕಾಣುತ್ತಾನೆ, ಯಾವಾಗ ಬರೀ ಯಂತ್ರವಾಗಿ ಕಾಣುತ್ತಾನೆ, ದಯವಿಟ್ಟು ಬರೆಯಿರಿ.

ಈ ಹುಚ್ಚು ಎಲ್ಲಿಂದ ಬಂತು ಎಂದು ಎಲ್ಲರೂ ಕೇಳುತ್ತಾರೆ. ನಮ್ಮ ಮನೆಯಲ್ಲಿ ಮಾತು ಬಹಳ ಕಡಿಮೆ. ಅಮ್ಮನ ಮೈ ನೋಡಿಯೇ ಎಲ್ಲ ತಿಳಿದುಕೊಂಡು ಬೆಳೆದವಳು ನಾನು.

ನಿಮ್ಮ
ವಿದ್ಯಾರ್ಥಿನಿ


ಜುಲೈ 21

ತಂಗೀ,

ನಿನ್ನ ಅಮ್ಮ ಬಲು ಬಿಗಿ ಹೆಂಗಸಿರಬೇಕು. ಮಾತಾಡದೆ ಹೆದರಿಸುವವರ ಕೈಕೆಳಗೆ ಬೆಳೆದ ಮಕ್ಕಳು ಪಾಪ ಹೀಗೇ, ಎದುರಿನವರ ಹುಬ್ಬು ಅಳೆಯುತ್ತಲೇ ಇರುತ್ತವೆ.

ಗೋಣಪ್ಪನಿಗೂ ನನಗೂ ಜಗಳವಾಯಿತು. ಪತ್ರಿಕೆ ಓದುವಾಗ ಮಡಿಸಿ ತಿರುಗಿಸುವ ಪ್ರತಿ ಸಲವೂ ತಲೆಯಾಡಿಸುತ್ತಿದ್ದ. ತಡೆಯದೆ, ಸುಮ್ಮನಿರೋ ಎಂದು ಕೈ ಬೀಸಿದೆ. ಭುಜ ಎರಡೂ ಇಳಿದುಹೋದವು. ಮರುದಿನ ಬೆಳಿಗ್ಗೆ ಹತ್ತಕ್ಕೆ ಏಳಲಿಲ್ಲ. ಸಂಜೆಯೂ ಇಲ್ಲ. ಅದರ ಮರುದಿನವೂ ಇಲ್ಲ. ಯಂತ್ರಕ್ಕೆ ಮುನಿಸೇ ಎಂದು ನಗುತ್ತಲೇ ಇದ್ದೆ, ಆದರೆ ಎರಡೂ ದಿನ ನನಗೆ ಅನ್ನ ಸೇರಲಿಲ್ಲ. ಮೂರನೇ ದಿನ ಎದ್ದ. ಕುತ್ತಿಗೆ ಎತ್ತಲು ಹೆಣಗುತ್ತಿದ್ದ, ಜ್ವರ ಬಿಟ್ಟವರ ಹಾಗೆ. ನಾನು ಕೈ ಮುಗಿದೆ. ಅವನೂ ಎರಡು ಮೊಂಡು ತೋಳು ಜೋಡಿಸಲು ನೋಡಿ ಸೋತ. ಯಂತ್ರಕ್ಕೂ ಮೈಗೆ ಹುಷಾರಿಲ್ಲದಂತೆ ಆಗುತ್ತದೆಯೇ?

ಅವತ್ತಿನಿಂದ ಅವನ ಜೊತೆ ಮಾತಾಡಲು ಶುರುಮಾಡಿದ್ದೇನೆ. ಮಾತೆಂದರೆ ತುಟಿ ಮಾತ್ರ, ಗಾಳಿಯಿಲ್ಲದ ಮಾತು. ಮನುಷ್ಯರ ಮುಂದೆ ಹಾಗೆ ತುಟಿಯಾಡಿಸಿದರೆ ಕಣ್ಣು ಕಿರಿದು ಮಾಡಿ ‘ಏನು, ಏನು?’ ಎನ್ನುತ್ತಾರೆ, ನನಗೆ ಸಾಯುವಷ್ಟು ಸಂಕಟ. ಗೋಣಪ್ಪನಿಗೆ ಏನೂ ತಿಳಿಯುವುದಿಲ್ಲ. ತಿಳಿಯದಿದ್ದರೂ ಸರಿಯಾದ ಜಾಗದಲ್ಲಿ ಗೋಣಾಡಿಸುತ್ತಾನೆ. ಸಂಸಾರಕ್ಕೆ ಇನ್ನೇನು ಬೇಕು, ಹೇಳು.

ಇತಿ,
ಹಳೇ ಗಂಟಲು


ಆಗಸ್ಟ್ 3

ಅಕ್ಕಾ,

ಯಂತ್ರಕ್ಕೆ ಜ್ವರ ಬರುವುದಿಲ್ಲ. ತಂತಿಯೊಂದು ಸಡಿಲವಾಗಿತ್ತು, ಈಗ ಸರಿಹೋಗಿದೆ.

ಒಂದು ವಿನಂತಿ. ಗೋಣಪ್ಪನ ಮುಂದೆ ತೀರಾ ಸ್ವಂತದ ವಿಷಯ ಹೇಳಿಕೊಳ್ಳುವುದು ಬೇಡ. ಯಾಕೆಂದರೆ ಚಲನೆಯ ಅಳತೆಗೆ ಅದರಿಂದ ಅಡ್ಡಿಯಾಗುತ್ತದೆ.

ಅಮ್ಮ ಬಿಗಿಯಲ್ಲ. ಬಹಳ ಮೆದು.

ನಿಮ್ಮ
ವಿದ್ಯಾರ್ಥಿನಿ


ಸೆಪ್ಟೆಂಬರ್ 8

ತಂಗೀ,

ನಿನ್ನ ವಿನಂತಿ ಮೀರಿದ್ದೇನೆ. ಅಳತೆ ಕೆಟ್ಟಿದ್ದರೆ ಬೈದುಬಿಡು.

ಹೋದ ಗುರುವಾರ, ನಾಲ್ಕನೇ ತಾರೀಕು, ಬೆಳಿಗ್ಗೆ ಹತ್ತೂವರೆಗೆ ಟೀ ಹಿಡಿದು ಅವನೆದುರು ಕೂತೆ. ಏನು ಬಂತೋ, ಹದಿನೇಳು ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದ ಒಂದು ಸಂಗತಿಯನ್ನು ಮೊದಲಿನಿಂದ ಕೊನೆವರೆಗೆ ಹೇಳಿಬಿಟ್ಟೆ. ಗಂಡ ಬದುಕಿದ್ದಾಗ ಅವರಿಗೂ ಹೇಳಿರಲಿಲ್ಲ. ನಿನಗೂ ಹೇಳುವುದಿಲ್ಲ, ಹೆದರಬೇಡ. ದನಿಯಿದ್ದಾಗ ಹೇಳಲಾಗದ್ದನ್ನು ದನಿಯಿಲ್ಲದೆ ಹೇಳುವುದು ಎಷ್ಟು ಸುಲಭ! ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಆಯಿತು.

ಗೋಣಪ್ಪ ಬಹಳ ಹೊತ್ತು ಅಲ್ಲಾಡಲೇ ಇಲ್ಲ. ಕೆಟ್ಟುಹೋದನೇ ಎಂದುಕೊಂಡೆ. ಆಮೇಲೆ ತಲೆ ಕೆಳಗಿಳಿಯಿತು. ಎಡತೋಳು ಮೇಜಿನ ಮೇಲೆ ತೆವಳುತ್ತ ಬಂದು ನನ್ನ ಕೈಗೆ ಒಂದಂಗುಲ ದೂರದಲ್ಲಿ ನಿಂತಿತು. ನಡುಗುತ್ತಿತ್ತು. ಯಂತ್ರದೊಳಗೆ ನಡುಕವನ್ನೂ ಇಟ್ಟಿದ್ದೀರಲ್ಲ, ಭೇಷ್. ನಾನೇ ಆ ಒಂದಂಗುಲ ದಾಟಿ ಅವನ ತೋಳಿನ ಮೇಲೆ ಕೈಯಿಟ್ಟೆ.

ಅವತ್ತಿನಿಂದ ಒಳ್ಳೆಯ ನಿದ್ದೆ. ನಿನ್ನ ಪುಸ್ತಕದಲ್ಲಿ ಬರೆದುಕೋ, ಈ ಯಂತ್ರ ಪಾಸಾಗಿದೆ.

ಇತಿ,
ಹಳೇ ಗಂಟಲು


ಅಕ್ಟೋಬರ್ 2

ಮಾನ್ಯರೇ,

ಉತ್ತರ ತಡವಾದದ್ದಕ್ಕೆ ಕ್ಷಮಿಸಿ. ನಿಮ್ಮ ಮನೆಯಿಂದ ಬೇಕಾದಷ್ಟು ಮಾಹಿತಿ ದೊರೆತಿರುವುದರಿಂದ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಬೇಕೆಂದು ಗೈಡ್ ಅವರಲ್ಲಿ ಕೇಳಿಕೊಂಡಿದ್ದೇನೆ. ಅವರು ಒಪ್ಪಿದರೆ ಈ ತಿಂಗಳ ಇಪ್ಪತ್ತಕ್ಕೆ ತಂತ್ರಜ್ಞರು ಬಂದು ಯಂತ್ರವನ್ನು ಹಿಂದೆ ತರುತ್ತಾರೆ.

ಸಂಶೋಧನಾ ವಿದ್ಯಾರ್ಥಿನಿ


ಅಕ್ಟೋಬರ್ 9

ತಂಗೀ,

ಮತ್ತೆ ‘ಮಾನ್ಯರೇ’ ಆದೆನಲ್ಲ. ನನ್ನಿಂದ ಏನಾದರೂ ತಪ್ಪಾಯಿತೇ? ಯಂತ್ರವನ್ನು ಮುಟ್ಟಬಾರದಿತ್ತೇ? ಆ ನಿಯಮ ಕಾಗದದಲ್ಲಿ ಇರಲಿಲ್ಲ. ಇನ್ನೊಬ್ಬರಿಗೆ ಬೇಕಾಗಿದ್ದರೆ ನೇರವಾಗಿ ಹೇಳು, ಕೊಡುತ್ತೇನೆ. ಆದರೆ ಮಾಹಿತಿ ಸಾಕು ಅನ್ನಬೇಡ. ಹೆಂಗಸೊಬ್ಬಳನ್ನು ನೋಡಿದ್ದು ಸಾಕು ಎಂದ ಹಾಗೆ ಕೇಳಿಸುತ್ತದೆ.

ಇಪ್ಪತ್ತರವರೆಗೆ ನಾವಿಬ್ಬರೂ ಸುಖವಾಗಿಯೇ ಇರುತ್ತೇವೆ.

ಹಳೇ ಗಂಟಲು


ಅಕ್ಟೋಬರ್ 26, ಆಸ್ಪತ್ರೆಯಿಂದ

ತಂಗೀ,

ಬದುಕಿದ್ದೇನೆ. ಅದು ನಿನಗೆ ಗೊತ್ತಿದೆಯೆಂದು ನನಗೆ ಈಗ ಗೊತ್ತಾಗಿದೆ. ಮಲಗಿಯೇ ಬರೆಯುತ್ತಿದ್ದೇನೆ, ಅಕ್ಷರ ಹೇಗಿದ್ದರೂ ಓದು.

ಹದಿನೇಳನೇ ತಾರೀಕು, ಬೆಳಿಗ್ಗೆ ಹತ್ತೂ ಮುಕ್ಕಾಲು. ಕೆಮ್ಮು ಬಂತು. ಒರೆಸಿದ ಬಟ್ಟೆಯ ತುಂಬ ರಕ್ತ. ಕುತ್ತಿಗೆಯ ತೂತಿನಿಂದ ಬಳಬಳನೆ ಬರುತ್ತಿತ್ತು. ಫೋನು ಒಳಕೋಣೆಯಲ್ಲಿ. ಎರಡು ಹೆಜ್ಜೆ ಇಟ್ಟು ಬೀರುವಿನ ಪಕ್ಕ ಬಿದ್ದೆ. ಕೂಗಲು ನನಗೇನಿದೆ? ಬೆನ್ನ ಮೇಲೆ ಬಿದ್ದು ಮೇಲ್ಛಾವಣಿ ನೋಡುತ್ತಿದ್ದೆ, ಉಸಿರಿನ ಜಾಗದಲ್ಲೆಲ್ಲ ರಕ್ತ.

ಮೇಜಿನ ಮೇಲೆ ಗೋಣಪ್ಪನ ಎರಡೂ ತೋಳು ಒಮ್ಮೆಲೇ ಮೇಲೆದ್ದವು. ನಾಲ್ಕು ತಿಂಗಳಲ್ಲಿ ಅಂಥ ಚಲನೆ ನೋಡಿರಲಿಲ್ಲ. ತಲೆ ಬಾಗಿಲ ಕಡೆ, ನನ್ನ ಕಡೆ, ಬಾಗಿಲ ಕಡೆ. ಆಮೇಲೆ ತಟಕ್ಕನೆ ನಿಂತಿತು. ಮತ್ತೆ ಜೀವ ಬಂದಾಗ ಅವನು ಮುಂದಕ್ಕೆ ಬಾಗಿದ. ಎದ್ದ, ಮತ್ತೆ ಬಾಗಿದ. ಪಕ್ಕಕ್ಕೆ ಹೊರಳಿ, ಮುಂದಕ್ಕೆ ಬಾಗಿ. ಹತ್ತು ಸಲ, ಇಪ್ಪತ್ತು ಸಲ. ನನಗೆ ಹೇಳುತ್ತಿದ್ದಾನೆ ಎಂದು ಅರ್ಥವಾಯಿತು. ಹೊರಳಿದೆ, ಬಾಗಿದೆ. ಹಾಗೆ ಮಾಡದಿದ್ದರೆ ರಕ್ತ ಶ್ವಾಸಕೋಶಕ್ಕಿಳಿದು ಅಲ್ಲೇ ಮುಗಿಯುತ್ತಿತ್ತು ಎಂದರು ವೈದ್ಯರು.

ಹನ್ನೊಂದು ನಿಮಿಷಕ್ಕೆ ಆಂಬುಲೆನ್ಸಿನವರು ಬಾಗಿಲು ಒಡೆದರು.

ನಿನ್ನೆ ಅವರಲ್ಲೊಬ್ಬ ನೋಡಲು ಬಂದಿದ್ದ, ಒಳ್ಳೆಯವನು. “ನಿಮ್ ತಂಗಿ ಫೋನ್ ಮಾಡಿದ್ರು ಮೇಡಂ. ಅಳ್ತಾ ಇದ್ರು ಪಾಪ. ಕುತ್ತಿಗೆ ತೂತಿಂದ ರಕ್ತ ಬರ್ತಿದೆ, ಬಾಗಿಲಿಂದ ಬಲಗಡೆ, ಬೀರು ಪಕ್ಕ ಬಿದ್ದಿದಾರೆ, ಬೇಗ ಹೋಗಿ ಅಂದ್ರು.”

ನನ್ನ ತಂಗಿ ಸತ್ತು ಆರು ವರ್ಷವಾಯಿತು.

ಅವಳ ಮಗಳ ಮುಖ ನೋಡಿದೆ, ಅವಳೂ ಬಿಳಿಚಿಕೊಂಡಿದ್ದಳು. ಆಂಬುಲೆನ್ಸಿನವನ ಹತ್ತಿರ ಕೇಳಿ ಕರೆ ಬಂದ ನಂಬರು ತಿಳಿದುಕೊಂಡಳು. ನಿನ್ನ ಕಾಗದಗಳ ಮೇಲ್ತುದಿಯಲ್ಲಿ ಅಚ್ಚಾಗಿರುವ ಪ್ರಯೋಗಾಲಯದ ನಂಬರು ಅದು.

ರಾತ್ರಿಯೆಲ್ಲ ಲೆಕ್ಕ ಹಾಕಿದೆ. ಹತ್ತರಿಂದ ಹನ್ನೆರಡು. ಐದರಿಂದ ಆರು. ಎರಡು ದಿನದ ಜ್ವರ. ಮೇಜಿನ ಮೇಲಿನ ನಡುಕ. ತಂಗೀ, ಒಂದೇ ಪ್ರಶ್ನೆ. ಅಲ್ಲಿ ಯಾರಿದ್ದರು?


ಅಕ್ಟೋಬರ್ 30

ಅಕ್ಕಾ,

ನಾನಿದ್ದೆ.

ಗೋಣಪ್ಪ ತಾನಾಗಿ ಏನನ್ನೂ ಕಲಿಯಲಿಲ್ಲ. ಇಲ್ಲಿ ಎರಡನೇ ಮಹಡಿಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆಯಿದೆ. ಒಂದು ಪರದೆ, ತಲೆಗೆ ಕಟ್ಟಿಕೊಳ್ಳುವ ಒಂದು ಪಟ್ಟಿ, ಕೈಗೆ ಎರಡು ಹಿಡಿ, ಕಾಲಿಗೊಂದು ಪೆಡಲು. ಪರದೆಯಲ್ಲಿ ನಿಮ್ಮ ಊಟದ ಮೇಜು. ನಾನು ಆಡಿಸಿದಂತೆ ಅವನು ಆಡುತ್ತಿದ್ದ. ಯಂತ್ರವನ್ನು ನಿಜವಾಗಿ ಕಟ್ಟುವ ಮೊದಲು ಹೀಗೆ ತೆರೆಮರೆಯಲ್ಲಿ ಮನುಷ್ಯರನ್ನು ಕೂರಿಸಿ ನೋಡುವುದುಂಟು. “ಸತ್ಯ ಗೊತ್ತಾದ್ರೆ ಜನ ಸಹಜವಾಗಿ ಇರಲ್ಲಮ್ಮ. ಕೊನೇ ದಿನ ಎಲ್ಲ ಹೇಳಿ ಕ್ಷಮೆ ಕೇಳ್ತೀವಲ್ಲ, ಅದಕ್ಕೂ ಒಂದು ಫಾರಂ ಇದೆ” ಎಂದಿದ್ದರು ಗೈಡ್. ನಾನು ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು. ತಂತಿ ಸಡಿಲವಾದದ್ದು ಸುಳ್ಳು. ಜ್ವರ ಬಂದದ್ದು ನನಗೆ.

ಹದಿನೇಳರಂದು ನೀವು ಬಿದ್ದಾಗ ಹಿಡಿಗಳು ಕೈತಪ್ಪಿದವು. ಗೋಣಪ್ಪ ನಿಂತದ್ದು ನಾನು ಫೋನಿಗೆ ಓಡಿದ್ದಕ್ಕೆ. ಯಾರು ಮಾತಾಡ್ತಿರೋದು ಎಂದು ಕೇಳಿದರು. ಬೇರೆ ಏನೂ ಬಾಯಿಗೆ ಬರಲಿಲ್ಲ, ತಂಗಿ ಎಂದೆ. ನಿಮ್ಮ ತಂಗಿ ತೀರಿಕೊಂಡಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ. ಏನು ಮಾಡಬೇಕು ಎಂದು ಅವರನ್ನೇ ಕೇಳಿ, ಮತ್ತೆ ಹಿಡಿಗಳನ್ನು ಹಿಡಿದು ಬಾಗಿದೆ. ಬಾಗುತ್ತಲೇ ಇದ್ದೆ. ಬಾಗಿಲು ಒಡೆದ ಮೇಲೂ ಬಾಗುತ್ತಿದ್ದೆನಂತೆ, ತಂತ್ರಜ್ಞರು ಬಂದು ಬೆರಳು ಬಿಡಿಸಿದರು.

ಇನ್ನೊಂದಿದೆ. ಇದನ್ನು ಗೈಡಿಗೂ ಹೇಳಿಲ್ಲ.

ಪರದೆಯಲ್ಲಿ ಬರೀ ಚಿತ್ರ ಬರುತ್ತದೆ, ದನಿಯಿಲ್ಲ. ಹಾಗಾಗಿ ಇಲ್ಲಿ ಉಳಿದವರಿಗೆ ನೀವು ತುಟಿಯಾಡಿಸುವುದು ಬರೀ ತುಟಿಯಾಡಿಸುವುದು. ನನ್ನ ಅಮ್ಮನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಅಮ್ಮ ತುಟಿ ನೋಡಿ ಮಾತು ತಿಳಿಯುತ್ತಾರೆ; ಅವರ ಜೊತೆ ಬೆಳೆದು ನಾನೂ ಕಲಿತೆ. ನೀವು ಗಾಳಿಯಿಲ್ಲದೆ ಆಡಿದ ಪ್ರತಿಯೊಂದು ಮಾತೂ ನನಗೆ ಅರ್ಥವಾಗುತ್ತಿತ್ತು. ಸೆಪ್ಟೆಂಬರ್ ನಾಲ್ಕರ ಮಾತೂ. ಚೀಟಿ, ಮೇಲ್ಸೇತುವೆ, ಆ ಹೆಂಗಸು, ಆ ಗುಮಾಸ್ತರು, ಎಲ್ಲವೂ.

ಅಂದೇ ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ನಾಲ್ಕು ವಾರ ತಡೆದು, ಯಂತ್ರ ವಾಪಸು ತರುತ್ತೇವೆ ಎಂದು ಹೇಡಿಯ ಕಾಗದ ಬರೆದೆ.

ಕ್ಷಮೆ ಕೇಳುವ ಫಾರಂ ನನ್ನ ಮೇಜಿನ ಮೇಲಿದೆ. ಅದನ್ನು ಇದರ ಜೊತೆ ಇಟ್ಟಿಲ್ಲ.


ನವೆಂಬರ್ 22

ಸಂಶೋಧಕರಿಗೆ,

ನಾಲ್ಕು ಹಾಳೆ ಹರಿದು ಹಾಕಿದ್ದೇನೆ. ಇದು ಐದನೆಯದು.

ನಿನ್ನ ಕಾಗದ ಓದಿದ ದಿನ ಮನೆಗೆ ಬಂದು ಮೇಜಿನ ಮುಂದೆ ನಿಂತೆ. ಅದೇ ಮೇಜು, ನಾನು ಆಸ್ಪತ್ರೆಯಲ್ಲಿದ್ದುದರಿಂದ ಇಪ್ಪತ್ತಕ್ಕೆ ಯಾರೂ ಒಯ್ಯದೆ ಉಳಿದ ಅದೇ ಮೊಟ್ಟೆತಲೆ. ಹಾಸಿಗೆಯ ಚಾದರ ತಂದು ಮುಸುಕು ಹಾಕಿ, ಗೋಡೆಗೆ ಮುಖ ಮಾಡಿ ಕೂರಿಸಿದೆ. ಮುಖವೆಲ್ಲಿದೆ ಅದಕ್ಕೆ! ಎದೆಯ ಗಾಜನ್ನು ಗೋಡೆಗೆ ಒತ್ತಿದೆ.

ಏನೇನು ನೋಡಿದೆ ನೀನು? ತೂತಿನೊಳಗೆ ನಳಿಕೆ ಹಾಕಿ ಕಫ ತೆಗೆಯುವುದನ್ನು ನೋಡಿದೆ. ನನ್ನ ತಂಗಿಯ ಮಗಳಿಗೂ ಆ ಹೊತ್ತಿನಲ್ಲಿ ಬಾಗಿಲ ಹೊರಗೆ ನಿಲ್ಲು ಎನ್ನುತ್ತೇನೆ. ಪೊರಕೆ ಹಿಡಿದು ಕುಣಿದದ್ದನ್ನು ನೋಡಿದೆ. ಸತ್ತ ಗಂಡನನ್ನು ಬೈದದ್ದನ್ನು, ಅಯ್ಯೋ, ಕೇಳಿಯೂ ಕೇಳಿದೆ. ಗೋಡೆಗೂ ಕಿವಿಯಿದೆ ಎನ್ನುತ್ತಾರೆ. ಕಿವಿಯೇ ಬೇಡದ ಮಾತಾಡಿದರೂ ಕದಿಯುವವರಿದ್ದಾರೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಹೇಗೂ ಕದ್ದು ಕೇಳಿದ್ದೀಯ, ಈಗ ಸರಿಯಾಗಿಯೇ ಕೇಳು. ಹದಿನೇಳು ವರ್ಷದ ಹಿಂದೆ, ಸಂಜೆಯ ಗಾಡಿ. ಯಾವ ಪ್ಲಾಟ್‌ಫಾರಂ ಎಂದು ಚೀಟಿ ಬರೆದು ಕಿಂಡಿಯಿಂದ ತಳ್ಳುತ್ತಿದ್ದವರು ಒಬ್ಬ ಗುಮಾಸ್ತರು. ಮುತ್ತಿನಂಥ ಅಕ್ಷರ. ‘ಎರಡು’ ಎಂದು ಬರೆದಿದ್ದರು. ನಾನು ಫೋನಿನಲ್ಲಿ ತಂಗಿಯ ಜೊತೆ ಜಗಳವಾಡುತ್ತಿದ್ದೆ. ಫೋನು ಕೆಳಗಿಟ್ಟು ಮೈಕಿನ ಗುಂಡಿ ಒತ್ತಿ ‘ಮೂರು’ ಎಂದೆ. ಗಾಡಿ ಎರಡಕ್ಕೆ ಬಂತು. ಮೂರರಲ್ಲಿ ನಿಂತಿದ್ದ ಜನವೆಲ್ಲ ಮೇಲ್ಸೇತುವೆ ಹತ್ತಿ ಓಡಿತು. ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕಾಲಡಿಗೆ ಸಿಕ್ಕಿ ಸತ್ತಳು.

ಕೂಗಾಟ ಕೇಳಿದೊಡನೆ ನಾನು ಮಾಡಿದ್ದೇನು ಗೊತ್ತೇ? ಚೀಟಿಯನ್ನು ಚೂರು ಮಾಡಿ ಟೀ ಲೋಟಕ್ಕೆ ಹಾಕಿದೆ. ವಿಚಾರಣೆಯಲ್ಲಿ ‘ಚೀಟಿಯಲ್ಲಿ ಮೂರು ಅಂತಲೇ ಇತ್ತು’ ಎಂದೆ. ನನ್ನ ಬಾಯಿ ಯಾವತ್ತೂ ತಪ್ಪಿರಲಿಲ್ಲ, ಎಲ್ಲರೂ ನಂಬಿದರು. ಗುಮಾಸ್ತರ ನೌಕರಿ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವರು ಒಂದು ಮಾತೂ ಎದುರಾಡಲಿಲ್ಲ, ನನ್ನನ್ನೇ ನೋಡುತ್ತ ನಿಂತಿದ್ದರು. ಆ ನೋಟವನ್ನು ಶಾಪ ಎಂದು ತಿಳಿದು ಹದಿನೇಳು ವರ್ಷ ಬದುಕಿದ್ದೇನೆ. ಗಂಟಲು ಹೋದಾಗ ಶಾಪ ತಟ್ಟಿತು ಎಂದುಕೊಂಡೆ.

ಆ ಗುರುವಾರ ಒಂದು ಯಂತ್ರದ ಮುಂದೆ ಇಳಿಸಿ ಹಗುರಾದೆ. ಯಂತ್ರದ ಕ್ಷಮೆಗೆ ಬೆಲೆಯಿಲ್ಲವೆಂದು ಗೊತ್ತಿತ್ತು, ಆದರೂ ನಿದ್ದೆ ಬಂತು. ಈಗ ನೋಡಿದರೆ ಅದು ನಿನ್ನ ಕೈ. ಉತ್ತರ ಕೊಡು. ಆ ಕೈ ಯಾಕೆ ಮುಂದೆ ಬಂತು? ಕ್ಷಮಿಸಲು ನೀನು ಯಾರು?


ಡಿಸೆಂಬರ್ 10

ಅಕ್ಕಾ ಎನ್ನುವ ಹಕ್ಕಿಲ್ಲ, ಬೇರೆ ಹೇಗೆ ಕರೆಯಬೇಕೋ ತಿಳಿಯುತ್ತಿಲ್ಲ.

ನಾನು ಕ್ಷಮಿಸಲಿಲ್ಲ. ಕ್ಷಮಿಸಲು ನಾನು ಯಾರೂ ಅಲ್ಲ. ನಿಮ್ಮ ತುಟಿ ‘ಮೂರು ಅಂತಲೇ ಇತ್ತು’ ಎಂದದ್ದನ್ನು ಓದಿದಾಗ ನನಗೆ ನಿಮ್ಮ ಮೇಲೆ ಅಸಹ್ಯವಾಯಿತು. ನಿಜ ಹೇಳುತ್ತಿದ್ದೇನೆ. ತಲೆ ತಗ್ಗಿದ್ದು ಪರದೆಯಿಂದ ಕಣ್ಣು ತೆಗೆಯಲಿಕ್ಕೆ, ನಿಮಗೆ ಅದು ಬೇರೆಯಾಗಿ ಕಂಡಿತು. ಆದರೆ ತಲೆ ಎತ್ತಿದಾಗ ನೀವು ಇನ್ನೂ ಅಲ್ಲೇ ಕೂತಿದ್ದಿರಿ, ಟೀ ಆರಿಹೋಗಿತ್ತು, ಕೈ ಮೇಜಿನ ಮೇಲಿತ್ತು. ಆಗ ನನ್ನ ಕೈ ಮುಂದೆ ಹೋಯಿತು. ಯಾಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಭುಜ, ಮೊಣಕೈ, ಮಣಿಕಟ್ಟು ಎಷ್ಟೆಷ್ಟು ಡಿಗ್ರಿ ತಿರುಗಿದವು ಎಂಬ ಅಳತೆಯೆಲ್ಲ ಇದೆ. ಯಾಕೆ ಎಂಬುದು ಅದರಲ್ಲಿಲ್ಲ.

ನಾನೇ ಹೋಗಿ ವಿಶ್ವವಿದ್ಯಾಲಯದ ನೀತಿ ಸಮಿತಿಗೆ ನಡೆದದ್ದನ್ನೆಲ್ಲ ಬರೆದುಕೊಟ್ಟಿದ್ದೇನೆ, ತುಟಿ ಓದಿದ್ದನ್ನೂ ಸೇರಿಸಿ. ನೀವೇನು ಹೇಳಿದಿರಿ ಎಂಬುದನ್ನು ಮಾತ್ರ ಬರೆಯಲಿಲ್ಲ. ನನ್ನ ಸಂಶೋಧನೆಯನ್ನು ನಿಲ್ಲಿಸಿದ್ದಾರೆ. ಗೈಡ್ ಕರೆದು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಬೆನ್ನು ತಟ್ಟಿ, “ಹುಚ್ಚಿ ಕಣಮ್ಮ ನೀನು. ರೋಬೋಟಿನ ಸನ್ನೆ ನೋಡಿ ಒಂದು ಜೀವ ಉಳೀತು! ಇದಕ್ಕಿಂತ ಒಳ್ಳೆ ಅಧ್ಯಾಯ ಎಲ್ಲಿ ಸಿಗುತ್ತೆ? ಅದನ್ನ ಬರಿ” ಎಂದರು. ನಾನು ಅವರ ಮುಖ ನೋಡುತ್ತ ನಿಂತುಬಿಟ್ಟೆ. ಮುಖ ಇದ್ದೂ ಏನೂ ಕಾಣಿಸಲಿಲ್ಲ.

ಬರೆಯುವುದಿಲ್ಲ ಎಂದು ಹೇಳಿ ಹೊರಗೆ ಬಂದೆ.

ಸೆಪ್ಟೆಂಬರ್ ನಾಲ್ಕರ ಚಿತ್ರೀಕರಣ ನನ್ನ ಬೀಗದ ಪೆಟ್ಟಿಗೆಯಲ್ಲಿದೆ. ಅದು ನಿಮ್ಮದು. ಏನು ಮಾಡಲಿ, ಹೇಳಿ.


ಜನವರಿ 18

ತಂಗೀ,

ಸಿಟ್ಟು ಹೋಗಿಲ್ಲ. ಹಾಗೆಂದು ಬೇರೆ ಯಾರಿಗೆ ಬರೆಯಲಿ? ವಿಷಯ ಗೊತ್ತಿರುವವಳು ನೀನೊಬ್ಬಳೇ.

ಸಮಿತಿಯವರು ನನ್ನ ಅಭಿಪ್ರಾಯ ಕೇಳಿದ್ದರು. ಬರೆದು ಕಳಿಸಿದೆ: ನಾಲ್ಕು ತಿಂಗಳು ನೋಡಿದ್ದಕ್ಕೆ ಅವಳಿಗೆ ಶಿಕ್ಷೆಯಾಗಲಿ, ನೋಡಲು ಕೂರಿಸಿದವರಿಗೆ ಇನ್ನೂ ಹೆಚ್ಚು ಆಗಲಿ. ಹನ್ನೊಂದು ನಿಮಿಷಕ್ಕೆ ನಾನು ಋಣಿ. ದಯವಿಟ್ಟು ಒಂದರಲ್ಲಿ ಇನ್ನೊಂದನ್ನು ಕಳೆಯಬೇಡಿ.

ಚಿತ್ರೀಕರಣ ಅಳಿಸಿಬಿಡು. ಅದರ ಕೆಲಸ ಮುಗಿಯಿತು. ಹೇಗೆಂದು ಹೇಳುತ್ತೇನೆ.

ನಿನಗೆ ಅಸಹ್ಯವಾಯಿತು ಎಂದು ಬರೆದೆಯಲ್ಲ, ಆ ಒಂದು ಸಾಲು ನನ್ನನ್ನು ಎಬ್ಬಿಸಿತು. ಸಂಗತಿ ತಿಳಿದ ಮನುಷ್ಯರಿಗೆ ಆಗಬೇಕಾದದ್ದೇ ಅದು. ಹಳೆಯ ಸಹೋದ್ಯೋಗಿಗಳನ್ನು ಬರೆದು ಕೇಳಿ ಗುಮಾಸ್ತರ ವಿಳಾಸ ಹಿಡಿದೆ. ಬಸ್ಸಿನಲ್ಲಿ ಎರಡು ತಾಸು. ನಾಲ್ಕು ಹಾಳೆ ಬರೆದು ಸೆರಗಿನೊಳಗೆ ಇಟ್ಟುಕೊಂಡಿದ್ದೆ. ಕೊಟ್ಟು ಕಾಲಿಗೆ ಬೀಳುವುದು, ಹೊಡೆದರೆ ಹೊಡೆಸಿಕೊಳ್ಳುವುದು, ಇಷ್ಟೇ ಯೋಚನೆ.

ಅವರೀಗ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ತಲೆ ಪೂರಾ ಬೆಳ್ಳಗಾಗಿದೆ. ಗಿರಾಕಿಯೊಬ್ಬನ ಅಂಗಿಯ ಅಳತೆ ತೆಗೆಯುತ್ತಿದ್ದರು. ಟೇಪು ಹಿಡಿದು “ಮೂವತ್ತೆಂಟು” ಎಂದು ಕೂಗಿದರೆ ಪಕ್ಕದ ಸ್ಟೂಲಿನಲ್ಲಿ ಕೂತ ಅವರ ಹೆಂಡತಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. “ಏನ್ ಬರ್ದೆ? ಓದು” ಎನ್ನುವರು. ಓದಿದ ಮೇಲೆ ಮತ್ತೊಮ್ಮೆ ಟೇಪು ಹಿಡಿಯುವರು. ತೋಳಿಗೂ ಹಾಗೆ, ಕೊರಳಿಗೂ ಹಾಗೆ. ಗಿರಾಕಿ ನಕ್ಕ. ಹೆಂಡತಿಯೂ ನಕ್ಕು ನನ್ನ ಕಡೆ ತಿರುಗಿ, “ಇವರು ಅಂಕಿ ಮಾತ್ರ ಬರೆಯಲ್ಲಮ್ಮ. ಮಗಳ ಮದುವೆ ಕಾಗದಕ್ಕೆ ತಾರೀಕೂ ನನ್ ಕೈಲೇ ಬರೆಸಿದ್ರು. ಏನ್ ಭಯವೋ” ಎಂದರು.

ನನಗೆ ಆಗಲೂ ಹೊಳೆಯಲಿಲ್ಲ, ನೋಡು.

ಗಿರಾಕಿ ಹೋದ. ಹೆಂಡತಿ ಒಳಗೆ ಹೋದರು. ಗುಮಾಸ್ತರು ಕನ್ನಡಕ ಸರಿಮಾಡಿಕೊಂಡು “ಹೇಳಿ ಅಮ್ಮಾ, ಬ್ಲೌಸಾ?” ಎಂದರು. ಗುರುತು ಸಿಕ್ಕಿರಲಿಲ್ಲ. ಮುಖಕ್ಕಿಂತ ಹೆಚ್ಚಾಗಿ ಅವರಿಗೆ ಗೊತ್ತಿದ್ದದ್ದು ನನ್ನ ದನಿ, ಅದು ಈಗೆಲ್ಲಿದೆ? ಹಾಳೆಗಳನ್ನು ಕೈಗಿಟ್ಟೆ. ನಿಂತೇ ಓದತೊಡಗಿದರು. ಎರಡನೇ ಹಾಳೆಗೆ ಬಂದಾಗ ಕೈಯಿಂದ ಹಿಂದೆ ತಡಕಾಡಿ ಹೊಲಿಗೆ ಯಂತ್ರದ ಸ್ಟೂಲು ಹುಡುಕಿ ಕೂತರು. ಮುಗಿಸಿ ಮತ್ತೆ ಮೊದಲಿನಿಂದ ಓದಿದರು. ಆಮೇಲೆ ನನ್ನನ್ನು ನೋಡಿದರು. ವಿಚಾರಣೆಯ ದಿನ ನೋಡಿದ್ದರಲ್ಲ, ಅದೇ ನೋಟ.

“ಚೀಟೀಲಿ ಏನಿತ್ತು?” ಎಂದರು, ಬಹಳ ಮೆಲ್ಲಗೆ.

ನಾನು ಎರಡು ಬೆರಳೆತ್ತಿದೆ.

“ಸರಿಯಾಗಿ ಹೇಳಿ. ನಾನು ಬರೆದಿದ್ದು?”

ಮತ್ತೆ ಎರಡು ಬೆರಳು. ಅವರ ಕನ್ನಡಕದ ಮುಂದೆಯೇ ಹಿಡಿದೆ.

“ನಾನು ಎರಡು ಅಂತ ಬರೆದೆ ಅಂತಲೇ ನನಗೆ ಅನ್ನಿಸಿತ್ತು” ಎಂದರು. “ಆದ್ರೆ ನೀವು ಅಷ್ಟು ಖಡಾಖಂಡಿತವಾಗಿ ಹೇಳಿದ್ರಲ್ಲ. ನಿಮ್ಮನ್ನೇ ನೋಡ್ತಾ ನಿಂತಿದ್ದೆ. ಇವರ ಬಾಯಿ ಯಾವತ್ತೂ ತಪ್ಪಿಲ್ಲ, ನನ್ ಕೈಯೇ ತಪ್ಪಿರ್ಬೇಕು ಅಂದ್ಕೊಂಡೆ. ಆ ಯಮ್ಮನ್ನ ನಾನೇ ಕೊಂದೆ ಅಂತ...”

ತಂಗೀ, ಅದು ಶಾಪವಾಗಿರಲಿಲ್ಲ. ಅವರು ನನ್ನನ್ನು ನಂಬುತ್ತ ನಿಂತಿದ್ದರು. ನೌಕರಿ ತೆಗೆಸಿದೆ ಎಂದಷ್ಟೇ ನಾನು ಇಷ್ಟು ವರ್ಷ ಅಂದುಕೊಂಡದ್ದು. ಒಂದು ಕೊಲೆಯನ್ನು ಅವರ ಕೈಗೆ ಕೊಟ್ಟು ಬಂದಿದ್ದೆ, ಅವರು ಅದನ್ನು ಹಿಡಿದುಕೊಂಡೇ ಬದುಕಿದ್ದರು.

ಕಾಲಿಗೆ ಬೀಳಬೇಕೆಂದು ಹೋದವಳು ಬೀಳಲಿಲ್ಲ. ಅವರು ನನ್ನ ಮೇಲೆ ಕೈಯೆತ್ತಲಿಲ್ಲ, ಬೈಯಲಿಲ್ಲ, ಕ್ಷಮಿಸಿದೆ ಎಂದೂ ಅನ್ನಲಿಲ್ಲ. ನಾನಿರುವುದೇ ಮರೆತುಹೋಗಿತ್ತು ಅವರಿಗೆ. ಹಾಳೆಗಳನ್ನು ಎದೆಗೊತ್ತಿಕೊಂಡು ಒಳಗಿನ ಬಾಗಿಲ ಕಡೆ ತಿರುಗಿ ಕೂಗಿದರು. ನಿಲ್ದಾಣದಲ್ಲಿ ಮೈಕು ಹಿಡಿದು ಇಪ್ಪತ್ತೆರಡು ವರ್ಷ ಕೂಗಿದವಳು ನಾನು, ಅಂಥ ಕೂಗು ಕೇಳಿಲ್ಲ.

“ಲೇ, ಬಾರೇ ಇಲ್ಲಿ, ಬೇಗ ಬಾ! ನಾನಲ್ವಂತೆ ಕಣೇ. ನಾನಲ್ವಂತೆ!”